ಬರೀ ಕಮಾಂಡ್‌ನಲ್ಲಿ ನಡೆಯುವ ಲಿನಕ್ಸ್ ಹೊಸಬರಿಗೆ ಆಗುತ್ತದಾ?

ನಿಮ್ಮ ಹತ್ತಿರ 2 ಜಿಬಿ ರ‍್ಯಾಮಿನ ಹಳೇ ಲ್ಯಾಪ್‌ಟಾಪ್ ಇದೆ, ಗೆಳೆಯ ಆರ್ಚ್ ಅನ್ನುವ ಲಿನಕ್ಸ್ ಹಾಕು ಅನ್ನುತ್ತಾನೆ, ಐಕಾನ್ ಮೆನು ಏನೂ ಇಲ್ಲದ ಲಿನಕ್ಸ್ ಮೊದಲ ಸಲದವರಿಗೆ ಆಗುತ್ತದಾ ಅಂತ ಕೇಳಿದ್ದೀರಿ. ಮನೆಯಲ್ಲಿರುವುದು ಅದೊಂದೇ ಕಂಪ್ಯೂಟರ್ ಆದರೆ ಬೇಡ. ಇನ್ನೊಂದು ಇದ್ದರೆ ಧಾರಾಳ ಹಾಕಿ.

ನಾನು ಕಾಸರಗೋಡಿನ ಬದಿಯಡ್ಕದ ಹತ್ತಿರ ಸಣ್ಣದೊಂದು ಡಿಟಿಪಿ ಅಂಗಡಿ ನಡೆಸುತ್ತೇನೆ. ನಮ್ಮ ಕಡೆಯವರಿಗೆ ಲಿನಕ್ಸ್ ಹೊಸತಲ್ಲ. ಕೇರಳದ ಸರ್ಕಾರಿ ಶಾಲೆಗಳ ಲ್ಯಾಬಿನಲ್ಲಿ ಇರುವುದೇ ಅದು. ಕನ್ನಡ ಮೀಡಿಯಂ ಮಕ್ಕಳೂ ಉಬುಂಟು ಆಧಾರದ ಲಿನಕ್ಸಿನಲ್ಲೇ ಐಟಿ ಕಲಿಯುತ್ತಾರೆ. ನಾನೂ ಹಾಗೇ ಕಲಿತವನು. ಅದೇ ಧೈರ್ಯದಲ್ಲಿ ಒಂದು ಮಳೆಗಾಲ ಡೆಸ್ಕ್‌ಟಾಪ್ (ಐಕಾನ್, ಮೆನು) ಇಲ್ಲದ ಡೆಬಿಯನ್ ಅನ್ನುವ ಲಿನಕ್ಸ್ ಹಾಕಿ ಕೂತೆ. ಕಪ್ಪು ಪರದೆ ಬಂತು, ಹೆಸರು ಹೊಡೆದೆ, ಪಾಸ್‌ವರ್ಡ್ ಹೊಡೆದರೆ ಒಂದು ಚುಕ್ಕಿಯೂ ಮೂಡಲಿಲ್ಲ. ಕೀಬೋರ್ಡಿಗೆ ನೀರು ಹೋಗಿದೆ ಅಂದುಕೊಂಡು ಬಿಚ್ಚಿ ಒರೆಸಿದೆ, ಮಾರಾಯ್ರೆ! ಅಲ್ಲಿ ಪಾಸ್‌ವರ್ಡ್ ಕಾಣುವುದೇ ಇಲ್ಲ ಅಂತ ಗೊತ್ತಾಗಿದ್ದು ಮರುದಿನ, ಫೋನಿನಲ್ಲಿ ಹುಡುಕಿದಾಗ. ಇನ್ನೊಂದು ಕಂಪ್ಯೂಟರ್ ಇರಲಿ ಅಂದದ್ದು ಇದಕ್ಕೇ, ಹುಡುಕಲಿಕ್ಕೆ.

ದೊಡ್ಡ ಪೆಟ್ಟು ಬಿದ್ದದ್ದು ಆಮೇಲೆ. ಪೆನ್‌ಡ್ರೈವಿಗೆ ಐಎಸ್‌ಒ (ಲಿನಕ್ಸ್ ಹಾಕಲಿಕ್ಕೆ ಇಳಿಸಿಕೊಳ್ಳುವ ಫೈಲು) ಬರೆಯಲಿಕ್ಕೆ ಡಿಡಿ (dd) ಕಮಾಂಡ್ ಕೊಟ್ಟೆ. ಪೆನ್‌ಡ್ರೈವಿನ ಹೆಸರು ಎಸ್‌ಡಿಸಿ (sdc) ಅಂತ ಬರೆಯಬೇಕಾದಲ್ಲಿ ಎಸ್‌ಡಿಬಿ (sdb) ಅಂತ ಬರೆದೆ. ಅದು ನನ್ನ ಹೊರಗಿನ ಹಾರ್ಡ್‌ಡಿಸ್ಕ್. ಡಿಡಿ ‘ಖಂಡಿತವಾ?’ ಅಂತ ಕೇಳುವುದಿಲ್ಲ, ಬರೆದೇ ಬಿಡುತ್ತದೆ. ಮೂರು ದೇವಸ್ಥಾನಗಳ ಬ್ರಹ್ಮಕಲಶದ ಆಮಂತ್ರಣ ಪತ್ರಿಕೆ, ಅಷ್ಟೂ ಹೋಯಿತು. ರಾತ್ರಿಯಿಡೀ ಕೂತು ಮತ್ತೆ ಟೈಪ್ ಮಾಡಿದೆ. ಈಗ ಡಿಸ್ಕ್ ಮುಟ್ಟುವ ಮೊದಲು ಡಿಸ್ಕುಗಳ ಪಟ್ಟಿ ತೋರಿಸುವ ಎಲ್‌ಎಸ್‌ಬಿಎಲ್‌ಕೆ (lsblk) ಹೊಡೆದು ಗಾತ್ರ ನೋಡದೆ ಎಂಟರ್ ಒತ್ತುವುದಿಲ್ಲ.

ನಮಗೆ, ಅಂದರೆ ಕನ್ನಡದವರಿಗೆ, ಇನ್ನೊಂದು ತೊಂದರೆ ಇದೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಆ ಕಪ್ಪು ಪರದೆಯಲ್ಲಿ ಕನ್ನಡ ಬರುವುದಿಲ್ಲ. ಅದರ ಫಾಂಟಿನಲ್ಲಿ ಹಿಡಿಯುವುದು ಹೆಚ್ಚೆಂದರೆ 512 ಆಕಾರ. ಒಂದು ಮನೆಗೆ ಒಂದು ಅಕ್ಷರ, ಅಷ್ಟೆ ಅದರ ಲೆಕ್ಕ. ನಮ್ಮ ‘ಸ್ತ್ರೀ’ಯನ್ನು ನೋಡಿ: ಸ, ಅದಕ್ಕೆ ತ ಒತ್ತು, ರ ಒತ್ತು, ಮೇಲೆ ದೀರ್ಘ. ಇವನ್ನೆಲ್ಲ ಕೂಡಿಸಿ ಒಂದು ರೂಪ ಮಾಡುವ ಕೆಲಸ ಅದಕ್ಕೆ ಬರುವುದಿಲ್ಲ. ಕನ್ನಡದಲ್ಲಿ ಹೆಸರಿಟ್ಟ ಫೈಲೆಲ್ಲ ಬರೀ ಚೌಕ ಚೌಕ ಕಾಣುತ್ತದೆ. ಡೆಬಿಯನ್‌ನ ಇನ್‌ಸ್ಟಾಲರಿನಲ್ಲೂ ಕನ್ನಡ ಸಿಗುವುದು ಗ್ರಾಫಿಕಲ್ ಆರಿಸಿದರೆ ಮಾತ್ರ, ಟೆಕ್ಸ್ಟ್ ಆರಿಸಿದರೆ ಪಟ್ಟಿಯಲ್ಲೇ ಇರುವುದಿಲ್ಲ. ಲಿಂಕ್ಸ್‌ನಂಥ ಟೆಕ್ಸ್ಟ್ ಬ್ರೌಸರ್ ಇದೆ ನಿಜ, ಆದರೆ ಅದರಲ್ಲಿ ಈಗಿನ ವೆಬ್‌ಸೈಟುಗಳಿಗೆ ಬೇಕಾದ ಜಾವಾಸ್ಕ್ರಿಪ್ಟ್ ಓಡುವುದಿಲ್ಲ. ಸ್ಕಾಲರ್‌ಶಿಪ್ ಅರ್ಜಿ ತುಂಬಿಸುವ ಆಸೆ ಬಿಡಿ.

ಆರ್ಚ್ ಹಾಕುವುದು ಈಗ ಮೊದಲಿನಷ್ಟು ಕಷ್ಟ ಅಲ್ಲ. 2021ರಿಂದ ಹಾಕುವ ಕೆಲಸಕ್ಕೆ ನೆರವಾಗುವ ಆರ್ಚ್‌ಇನ್‌ಸ್ಟಾಲ್ ಐಎಸ್‌ಒ ಜೊತೆಗೇ ಬರುತ್ತದೆ. ಆದರೆ ಅದು ನಿಲ್ಲದೆ ಹೊಸತಾಗುತ್ತಲೇ ಇರುವ ಲಿನಕ್ಸ್, ಅಪ್‌ಡೇಟಿಗೆ ಮುಂಚೆ ಅವರ ಸುದ್ದಿ ಪುಟ ಓದುವ ಅಭ್ಯಾಸ ಬೇಕು. ನಿಮ್ಮ ಗೆಳೆಯ ಪಕ್ಕದ ಮನೆಯವನೇ ಆದರೆ ಬೇರೆ ಮಾತು.

ನಾನಾಗಿದ್ದರೆ ಎಕ್ಸ್‌ಎಫ್‌ಸಿಇ ಅನ್ನುವ ಹಗುರ ಡೆಸ್ಕ್‌ಟಾಪ್ ಇರುವ ಲಿನಕ್ಸ್ ಮಿಂಟ್ ಹಾಕುತ್ತಿದ್ದೆ. 2 ಜಿಬಿಯಲ್ಲಿ ಓಡುತ್ತದೆ, ಕ್ರೋಮಿನಲ್ಲಿ ಹತ್ತು ಟ್ಯಾಬ್ ತೆರೆದರೆ ಮಾತ್ರ ಏದುಸಿರು. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ: ಅದೇ ಕಪ್ಪು ಪರದೆ ಬರುತ್ತದೆ. ಸಾಕಾದರೆ ಎಫ್3ರ ಬದಲು ಎಫ್7 ಸೇರಿಸಿ ಒತ್ತಿ, ವಾಪಸ್. ದಿನಾ ಅರ್ಧ ಗಂಟೆ ಅಲ್ಲಿ ಕೂತು ಫೈಲ್ ಕಾಪಿ ಮಾಡಿ, ನ್ಯಾನೋ ಎಡಿಟರಿನಲ್ಲಿ ಬರೆಯಿರಿ, ಆಪ್ಟ್ ಕಮಾಂಡಿನಿಂದ ಏನಾದರೂ ಸಾಫ್ಟ್‌ವೇರ್ ಹಾಕಿ ತೆಗೆಯಿರಿ. ಎರಡು ತಿಂಗಳಾದ ಮೇಲೂ ಅದೇ ಖುಷಿ ಅನ್ನಿಸಿದರೆ ಆಗ ಆರ್ಚ್ ಹಾಕಿ, ಅಲ್ವಾ?

ಲ್ಯಾಪ್‌ಟಾಪ್ ತೀರಾ ಹಳೆಯದಾದರೆ ಅದರ ಪ್ರೊಸೆಸರ್ 32 ಬಿಟ್ಟಿನದ್ದಾ ಅಂತ ನೋಡಿಕೊಳ್ಳಿ. ಹಾಗಿದ್ದರೆ ಆರ್ಚ್ ಪ್ರಶ್ನೆಯೇ ಇಲ್ಲ, 2017ರಲ್ಲೇ ಅವರು 32 ಬಿಟ್ಟನ್ನು ಕೈಬಿಟ್ಟಿದ್ದಾರೆ. 2025ರ ಡೆಬಿಯನ್ 13 ಕೂಡ ಆಗುವುದಿಲ್ಲ, 12 ಇಳಿಸಿಕೊಳ್ಳಿ.