ಪ್ರತಿಕ್ರಿಯೆ: ಹಿಮದಲ್ಲಿ ಟಿಲ್ಲರ್ ಪೂರ್ತಿ ತಿರುಗಿಸಿದರೂ 737 ತಿರುಗದಿದ್ದರೆ

ಹೆಲ್ಸಿಂಕಿ ವಿಮಾನ ನಿಲ್ದಾಣದ ಹಿಮದಲ್ಲಿ ನೆಲದ ಮೇಲೆ ಸಾಗುವಾಗ, 90 ಡಿಗ್ರಿ ತಿರುವಿಗೆ ಟಿಲ್ಲರ್ (ಮುಂದಿನ ಚಕ್ರವನ್ನು ತಿರುಗಿಸುವ ಕೈಹಿಡಿ) ಪೂರ್ತಿ ತಿರುಗಿಸಿದರೂ ಬೋಯಿಂಗ್ 737 ವಿಮಾನ ನೇರಕ್ಕೇ ಜಾರಿತು ಎಂದಿದ್ದೀರಿ. ಬಹುತೇಕ ಕಾರಣ ಆ ‘ಪೂರ್ತಿ’ಯೇ. ನೆಲದ ಹಿಡಿತ ಕಡಿಮೆಯಿದ್ದಾಗ ಮುಂದಿನ ಚಕ್ರವನ್ನು ಹೆಚ್ಚು ಓರೆ ಮಾಡಿದರೆ ಅದು ಉರುಳುವುದಿಲ್ಲ, ಅಡ್ಡಡ್ಡ ಉಜ್ಜಿಕೊಂಡು ಜಾರುತ್ತದೆ. ವೇಗವೂ ಜಾಸ್ತಿ ಇದ್ದಿರಬಹುದು. ನೀವು ಅದನ್ನು ಬರೆದಿಲ್ಲ.

ಮೂತಿ ಜಾರಿದೊಡನೆ ಟಿಲ್ಲರನ್ನು ಇನ್ನಷ್ಟು ತಿರುಗಿಸಬೇಡಿ, ಸ್ವಲ್ಪ ಸಡಿಲಿಸಿ. ಚಕ್ರ ಮತ್ತೆ ಉರುಳತೊಡಗಿದ ಮೇಲೆ ನಿಧಾನವಾಗಿ ತಿರುಗಿಸಿ. ಆಗಲೂ ಬಗ್ಗದಿದ್ದರೆ ಒಳಬದಿಯ ಬ್ರೇಕ್ ಹಗುರವಾಗಿ, ಬೇಕೆನಿಸಿದರೆ ಹೊರಬದಿಯ ಎಂಜಿನ್‌ಗೆ ತುಸುವೇ ಥ್ರಸ್ಟ್ (ಮುನ್ನೂಕುವ ಬಲ).

ಮುಂದಿನ ಸಲ ನೇರ ದಾರಿಯಲ್ಲಿರುವಾಗಲೇ ಬ್ರೇಕ್ ಹಾಕಿ, ನಡಿಗೆಯ ವೇಗಕ್ಕೆ ಇಳಿದೇ ತಿರುವಿಗೆ ಬನ್ನಿ. ಸುತ್ತಲೂ ಬೆಳ್ಳಗಿದ್ದಾಗ ಕಣ್ಣಿಗೆ ನಮ್ಮ ವೇಗ ತಿಳಿಯುವುದೇ ಇಲ್ಲ, ಗ್ರೌಂಡ್ ಸ್ಪೀಡ್ ಅಂಕಿಯನ್ನೇ ನಂಬಿ. ನಾನು ನೇರ ದಾರಿಯಲ್ಲೂ 10 ನಾಟ್ (ಗಂಟೆಗೆ ಸುಮಾರು 18 ಕಿ.ಮೀ.) ದಾಟುವುದಿಲ್ಲ, ತಿರುವಿನಲ್ಲಿ 5ರ ಆಸುಪಾಸು. ಭಾರ ಕಡಿಮೆಯಿದ್ದರೆ ಐಡಲ್ ಥ್ರಸ್ಟ್‌ನಲ್ಲೇ (ಎಂಜಿನ್‌ನ ಕನಿಷ್ಠ ಬಲದಲ್ಲೇ) ವಿಮಾನ ವೇಗ ಹೆಚ್ಚಿಸಿಕೊಳ್ಳುತ್ತದೆ, ಜೋಕೆ.

ಎಂಜಿನ್ ಆಂಟಿ-ಐಸ್ (ಎಂಜಿನ್ ಬಾಯಲ್ಲಿ ಮಂಜುಗಡ್ಡೆ ಕಟ್ಟದಂತೆ ತಡೆಯುವ ವ್ಯವಸ್ಥೆ) ಆನ್ ಇರಲಿ. ನೀರುಹಿಮ (ಅರೆ ಕರಗಿದ ಹಿಮ) ಇದ್ದರೆ ರೆಕ್ಕೆಯ ಹಿಂಬದಿಯ ಫ್ಲ್ಯಾಪ್‌ಗಳನ್ನು ರನ್‌ವೇ ಹತ್ತಿರ ಬಂದ ಮೇಲೆ ಇಳಿಸಿ. ಮೊದಲೇ ಇಳಿಸಿದರೆ ಚಕ್ರ ಎರಚಿದ್ದು ಅವುಗಳ ಮೇಲೆ ಹೆಪ್ಪುಗಟ್ಟುತ್ತದೆ. ಆದರೆ ಹೀಗೆ ಮುಂದೂಡಿದ್ದು ಮರೆತುಹೋಗುವ ಅಪಾಯ ಜಾರುವುದಕ್ಕಿಂತ ದೊಡ್ಡದು. ಚೆಕ್‌ಲಿಸ್ಟನ್ನು ಅಲ್ಲಿಗೇ ನಿಲ್ಲಿಸಿ, ಫ್ಲ್ಯಾಪ್ ಇಳಿಸಿದ ಮೇಲಷ್ಟೇ ಮುಂದುವರಿಸಿ. ನಿಮ್ಮ ಕಂಪನಿಯ ಕೈಪಿಡಿ ಬೇರೆ ಹೇಳಿದರೆ ಅದೇ ಅಂತಿಮ.

ಇಷ್ಟಾದರೂ ತಿರುಗದಿದ್ದರೆ ನಿಂತುಬಿಡಿ, ಗ್ರೌಂಡ್ ಕಂಟ್ರೋಲ್‌ಗೆ ತಿಳಿಸಿ ಟಗ್ (ವಿಮಾನ ಎಳೆಯುವ ವಾಹನ) ಕೇಳಿ.