ಹೈ ಪಾರ್ಕ್ ದಿಬ್ಬದ ಮೇಲೆ ಗಿಡುಗ ಎಣಿಸೋದು: ದುರ್ಗದಿಂದ ಬಂದ ತಮ್ಮನಿಗೆ

ತಮ್ಮಾ, ಟೊರಾಂಟೋದಲ್ಲಿ ಶನಿವಾರ, ಭಾನುವಾರ ಬಂದ್ರೆ ರೂಮಲ್ಲೇ ಕೂತಿರ್ತೀನಿ, ದುರ್ಗದಲ್ಲಿದ್ದಾಗ ಚಳ್ಳಕೆರೆ ಕಾವಲಿಗೆ ಹೋಗಿ ಸೆಳೆಚಾಣ (ಹ್ಯಾರಿಯರ್) ನೋಡ್ತಿದ್ದೆ, ಇಲ್ಲಿ ಹೈ ಪಾರ್ಕಲ್ಲಿ ವಲಸೆ ಗಿಡುಗ ಎಣಿಸ್ತಾರಂತೆ, ಹೋಗಬಹುದಾ ಅಂತ ಕೇಳಿದ್ದೀಯ. ಧಾರಾಳವಾಗಿ ಹೋಗು. ಟಿಕೆಟ್ ಇಲ್ಲ. ಸಬ್‌ವೇ ಎರಡನೇ ಲೈನಲ್ಲಿ ಹೈ ಪಾರ್ಕ್ ಸ್ಟೇಷನ್ನಲ್ಲಿ ಇಳಿದು ಪಾರ್ಕಿನೊಳಗೆ ದಕ್ಷಿಣಕ್ಕೆ ನಡಿ. ಗ್ರೆನೇಡಿಯರ್ ರೆಸ್ಟೋರೆಂಟಿನ ಉತ್ತರಕ್ಕಿರೋ ದಿಬ್ಬವೇ ಹಾಕ್ ಹಿಲ್. ಎಣಿಕೆ ಸೆಪ್ಟೆಂಬರಿಂದ ನವೆಂಬರ್‌ವರೆಗೆ.

ಆದ್ರೆ ರಜೆ ಇದೆ ಅಂತ ಹೋಗ್ಬೇಡ, ಗಾಳಿ ನೋಡಿ ಹೋಗು. ಉತ್ತರದಿಂದ ಬರೋ ಗಿಡುಗಗಳಿಗೆ ಒಂಟಾರಿಯೊ ಸರೋವರ ಅಡ್ಡ. ನೀರಿನ ಮೇಲೆ ಬಿಸಿಗಾಳಿ ಏಳಲ್ಲ, ರೆಕ್ಕೆ ಬಡಿದೇ ದಾಟ್ಬೇಕು, ಅದಕ್ಕೆ ದಡ ಹಿಡಿದು ಪಶ್ಚಿಮಕ್ಕೆ ತಿರುಗ್ತವೆ. ತಣ್ಣನೆ ಮಾರುತ ದಾಟಿ ಹೋದ ಮಾರನೇ ದಿನ ವಾಯವ್ಯದ ಗಾಳಿ ಬೀಸಿದ್ರೆ ಅವನ್ನ ದಡಕ್ಕೇ ತಳ್ಳುತ್ತೆ. ದಕ್ಷಿಣದ ಗಾಳಿಯಿದ್ರೆ ಒಳನಾಡಲ್ಲೇ ಚದುರಿ ಹೋಗ್ತವೆ. ಮಳೆಯಿದ್ರೆ ಮನೇಲಿರು.

ಬೈನಾಕ್ಯುಲರ್ 8x42 (ಎಂಟು ಪಟ್ಟು ಹಿಗ್ಗಿಸಿ ತೋರ್ಸೋದು, ಮುಂದಿನ ಗಾಜು 42 ಮಿ.ಮೀ. ಅಗಲ) ಸಾಕು. ಬರೀ ನೀಲಿ ಆಕಾಶದಲ್ಲಿ ಕಣ್ಣಿಗೆ ಹಿಡಿತ ಸಿಗಲ್ಲ, ಫೋಕಸ್ ಗೊತ್ತಿಲ್ಲದೇ ಹತ್ತಿರಕ್ಕೆ ಜಾರುತ್ತೆ, ತಲೆ ಮೇಲೇ ಹೋದ ಹಕ್ಕಿ ಕಾಣಲ್ಲ. ದೂರದ ಮೋಡದ ಅಂಚಿಗೆ ಫೋಕಸ್ ಕೂರಿಸ್ಕೊಂಡು ಆಮೇಲೆ ನಿಧಾನಕ್ಕೆ ಹುಡುಕು. ಅಲ್ಲಲ್ಲಿ ಬಿಳಿ ಮೋಡ ಇರೋ ದಿನವೇ ಒಳ್ಳೇದು.

ಸೆಪ್ಟೆಂಬರ್ ನಡುವಲ್ಲಿ ಬ್ರಾಡ್-ವಿಂಗ್ಡ್ ಹಾಕ್ ಬರ್ತವೆ, ದಕ್ಷಿಣ ಅಮೆರಿಕಕ್ಕೆ ಹೊರಟವು. ಬಿಸಿಗಾಳಿ ಸಿಕ್ಕಿದ ಕಡೆ ನೂರಾರು ಒಟ್ಟಿಗೆ ಸುತ್ತುತ್ತಾ ಏರ್ತವೆ. ಸುತ್ತುವಾಗ ಎಣಿಸ್ಬೇಡ, ಒಂದನ್ನೇ ಎರಡು ಸಲ ಎಣಿಸ್ತೀಯ. ತುದಿ ಮುಟ್ಟಿದ ಮೇಲೆ ರೆಕ್ಕೆ ಚಾಚಿ ಒಂದರ ಹಿಂದೊಂದು ಜಾರಿ ಹೊರಡ್ತವೆ. ಆ ಸಾಲನ್ನ ಎಣಿಸು, ದೊಡ್ಡದಿದ್ರೆ ಹತ್ತತ್ತಾಗಿ. ಕೈಯಲ್ಲಿ ಒತ್ತೋ ಕೌಂಟರ್ ಇದ್ರೆ ಬೈನಾಕ್ಯುಲರಿಂದ ಕಣ್ಣು ತೆಗೀಬೇಕಿಲ್ಲ. ಅಕ್ಟೋಬರಲ್ಲಿ ಟರ್ಕಿ ವಲ್ಚರ್ ಅನ್ನೋ ಹದ್ದು, ರೆಕ್ಕೆ ವಿ ಆಕಾರಕ್ಕೆ ಎತ್ತಿ ಓಲಾಡ್ತಾ ಹೋಗುತ್ತೆ. ಅಕ್ಟೋಬರ್ ಕೊನೆಗೆ ರೆಡ್-ಟೇಲ್ಡ್ ಹಾಕ್, ಅದೃಷ್ಟವಿದ್ರೆ ಗೋಲ್ಡನ್ ಈಗಲ್. ರೆಡ್-ಟೇಲ್ಡ್ ಅಲ್ಲೇ ವಾಸ ಇರೋವೂ ಉಂಟು. ಹೋಗಿ ತಿರುಗಿ ಬಂದ್ರೆ, ಮರದ ಮೇಲೆ ಕೂತ್ರೆ ಲೆಕ್ಕಕ್ಕೆ ಹಿಡೀಬೇಡ.

ನೀನು ಎಡವೋದು ಸೆಳೆಚಾಣದ ಹತ್ರ. ಕಾವಲಲ್ಲಿ ಅದು ಹುಲ್ಲಿಗೆ ತಾಗೋ ಹಾಗೆ ಹಾರೋದನ್ನೇ ನೋಡಿದ್ದೀಯ. ಇಲ್ಲಿನ ನಾರ್ದರ್ನ್ ಹ್ಯಾರಿಯರ್ ವಲಸೆ ಹೊರಟಾಗ ಬಲು ಎತ್ತರದಲ್ಲಿರುತ್ತೆ, ಚೂಪು ರೆಕ್ಕೆ ಕಂಡು ಡೇಗೆ (ಫಾಲ್ಕನ್) ಅಂದ್ಕೋತೀವಿ. ಉದ್ದ ಬಾಲ, ತುಸು ಮೇಲೆತ್ತಿದ ರೆಕ್ಕೆ ನೋಡು. ವಾಲಿದಾಗ ಬಾಲದ ಬುಡದ ಬಿಳಿ ಹೊಳೆಯುತ್ತೆ. ಅದೂ ಕಾಣದಿದ್ರೆ ಊಹಿಸಿ ಹೆಸರು ಹಾಕ್ಬೇಡ, 'ಗುರುತಾಗಲಿಲ್ಲ' ಅಂತಲೇ ಬರಿ. ತಪ್ಪು ಹೆಸರು ಎಣಿಕೇನೇ ಕೆಡಿಸುತ್ತೆ.

ಗಂಟೆಗೊಮ್ಮೆ ಗಾಳಿಯ ದಿಕ್ಕು, ಮೋಡ, ಉಷ್ಣಾಂಶ, ಹಕ್ಕಿಗಳ ಸಂಖ್ಯೆ ಬರೀಬೇಕು. ಒಂದೂ ಬರಲಿಲ್ಲ ಅಂದ್ರೆ ಸೊನ್ನೆ ಬರಿ. ಖಾಲಿ ಬಿಟ್ರೆ ಆ ಹೊತ್ತಲ್ಲಿ ಯಾರೂ ನೋಡ್ತಿರಲಿಲ್ಲ ಅಂತಾಗುತ್ತೆ. ಇನ್ನೊಂದು, ನಿಂತಲ್ಲೇ ನಿಲ್ಲೋ ಕೆಲಸ ಇದು, ನಡೆಯೋವಾಗ ಸಾಕಾಗೋ ಜಾಕೆಟ್ ಇಲ್ಲಿ ಸಾಲಲ್ಲ. ಅಕ್ಟೋಬರಿಂದ ಒಳಗೊಂದು ಸ್ವೆಟರ್, ಉಣ್ಣೆ ಸಾಕ್ಸ್, ತೆಳು ಗ್ಲೌಸ್ ಹಾಕ್ಕೊಂಡು ಹೋಗು. ದಪ್ಪ ಗ್ಲೌಸ್ ಇದ್ರೆ ಫೋಕಸ್ ಚಕ್ರ ತಿರುಗಿಸೋಕಾಗಲ್ಲ.