ಆಸ್ಪತ್ರೆಗಳಿಗೆ ರ್‍ಯಾಂಕ್ ಕೊಡಬಹುದೇ?

ಮಾನ್ಯರೇ,

ಹೃದಯ ಶಸ್ತ್ರಚಿಕಿತ್ಸೆ ನಡೆಸುವ ಆಸ್ಪತ್ರೆಗಳನ್ನು ಅಲ್ಲಿನ ಮರಣ ಪ್ರಮಾಣದ ಮೇಲೆ ಒಂದನೆಯದು, ಎರಡನೆಯದು ಎಂದು ಪಟ್ಟಿಮಾಡಿ ಪ್ರಕಟಿಸಿದರೆ ರೋಗಿಯ ಮನೆಯವರಿಗೆ ದಾರಿ ಕಾಣುತ್ತದೆ ಎಂದು ಬರೆದಿದ್ದೀರಿ. ಅಂಕಿಅಂಶಗಳು ಬಹಿರಂಗವಾಗಬೇಕೆಂಬ ನಿಮ್ಮ ಬೇಡಿಕೆ ನಮ್ಮದೂ ಹೌದು. ಆದರೆ ಅಂಥ ಪಟ್ಟಿಯನ್ನು ನಾವು ಪ್ರಕಟಿಸಲಾರೆವು.

ಎಲ್ಲ ಆಸ್ಪತ್ರೆಗಳ ಕೌಶಲವೂ ಒಂದೇ ಮಟ್ಟದ್ದು, ರೋಗಿಗಳೂ ಒಂದೇ ಬಗೆಯವರು, ಸಾವಿನ ಸಂಭವ ನೂರಕ್ಕೆ 3 ಎಂದಿಟ್ಟುಕೊಳ್ಳಿ. ಆಗಲೂ, ವರ್ಷಕ್ಕೆ 50 ಶಸ್ತ್ರಚಿಕಿತ್ಸೆ ನಡೆಸುವ ಆಸ್ಪತ್ರೆಗಳಲ್ಲಿ ಸುಮಾರು ಐದರಲ್ಲೊಂದು ಆ ವರ್ಷ ಒಂದು ಸಾವನ್ನೂ ಕಾಣುವುದಿಲ್ಲ. ಹೆಚ್ಚುಕಡಿಮೆ ಅಷ್ಟೇ ಆಸ್ಪತ್ರೆಗಳಲ್ಲಿ ಮೂರು ಅಥವಾ ಅದಕ್ಕಿಂತ ಹೆಚ್ಚು ಸಾವುಗಳಾಗಿ ಪ್ರಮಾಣ ನೂರಕ್ಕೆ 6 ಮುಟ್ಟುತ್ತದೆ ಅಥವಾ ದಾಟುತ್ತದೆ. ಮೊದಲಿನವು ಪಟ್ಟಿಯ ತುದಿಗೆ, ಎರಡನೆಯವು ಬುಡಕ್ಕೆ ಹೋಗುತ್ತವೆ, ಬರಿಯ ಆಕಸ್ಮಿಕದಿಂದ. 1000 ಶಸ್ತ್ರಚಿಕಿತ್ಸೆ ನಡೆಯುವಲ್ಲಿ ಇಷ್ಟು ದೊಡ್ಡ ಏರಿಳಿತ ಆಕಸ್ಮಿಕದಿಂದ ಬರುವುದು ಅಸಂಭವವೆನ್ನಬೇಕು. ಆದ್ದರಿಂದಲೇ ಸಂಖ್ಯಾಶಾಸ್ತ್ರಜ್ಞರು ಆಲಿಕೆಯಂಥ ನಕ್ಷೆಯೊಂದನ್ನು ಬಳಸುತ್ತಾರೆ. ಶಸ್ತ್ರಚಿಕಿತ್ಸೆಗಳು ಕಡಿಮೆಯಿದ್ದಲ್ಲಿ ಅಗಲವಾಗಿದ್ದು, ಹೆಚ್ಚಿದಂತೆ ಹತ್ತಿರವಾಗುವ ಎರಡು ಗೆರೆಗಳ ನಡುವೆ ಬಿದ್ದ ಆಸ್ಪತ್ರೆಗಳಲ್ಲಿ ಮೇಲುಕೀಳು ಎಣಿಸುವುದಿಲ್ಲ. ಹೊರಗೆ ಬಿದ್ದದ್ದನ್ನು ವಿಚಾರಿಸುತ್ತಾರೆ.

ರೋಗಿ ಯಾವ ಸ್ಥಿತಿಯಲ್ಲಿ ಬಂದ ಎಂಬುದೂ ಲೆಕ್ಕಕ್ಕೆ ಬರಬೇಕು. ಅಮೆರಿಕದ ನ್ಯೂಯಾರ್ಕ್ ರಾಜ್ಯವು 1989ರಿಂದ ಬೈಪಾಸ್ ರೋಗಿಗಳ ವಯಸ್ಸು, ಹೃದಯದ ಪಂಪು ಮಾಡುವ ಶಕ್ತಿ ಮೊದಲಾದ ವಿವರಗಳನ್ನು ದಾಖಲಿಸಿ, ಅಂಥ ರೋಗಿಗಳಲ್ಲಿ ನಿರೀಕ್ಷಿಸಬಹುದಾದ ಸಾವುಗಳೊಡನೆ ನಿಜವಾಗಿ ಆದ ಸಾವುಗಳನ್ನು ಹೋಲಿಸುತ್ತ ಬಂದಿದೆ. ಈ ಹೊಂದಾಣಿಕೆಯಿಲ್ಲದ ಪಟ್ಟಿಯಲ್ಲಿ, ಬೇರೆಯವರು ಕೈಬಿಟ್ಟ ರೋಗಿಯನ್ನು ಸೇರಿಸಿಕೊಂಡ ವೈದ್ಯರಿಗೇ ಕೆಟ್ಟ ಹೆಸರು ಬರುತ್ತದೆ. ನನ್ನನ್ನು ಹೆಚ್ಚು ಕಾಡುವುದು ಇದೇ.

ಈ ಎಚ್ಚರಿಕೆಯೆಲ್ಲ ಲೋಪ ಮುಚ್ಚುವ ನೆಪವೆಂದು ದಯವಿಟ್ಟು ಭಾವಿಸಬೇಡಿ. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಮಕ್ಕಳ ಹೃದಯ ಶಸ್ತ್ರಚಿಕಿತ್ಸಾ ಘಟಕದ ಬಗ್ಗೆ 2001ರಲ್ಲಿ ಹೊರಬಂದ ಸಾರ್ವಜನಿಕ ವಿಚಾರಣೆಯ ವರದಿಯು, 1991ರಿಂದ 1995ರವರೆಗೆ ತೆರೆದ ಹೃದಯದ ಶಸ್ತ್ರಚಿಕಿತ್ಸೆಯ ನಂತರ ಅಲ್ಲಿ ತೀರಿಕೊಂಡ ಒಂದು ವರ್ಷದೊಳಗಿನ ಮಕ್ಕಳ ಸಂಖ್ಯೆ, ದೇಶದ ಇತರ ಘಟಕಗಳಂತೆ ನಡೆದಿದ್ದರೆ ಆಗಬಹುದಾಗಿದ್ದ ಸಾವುಗಳಿಗಿಂತ 30ರಿಂದ 35 ಹೆಚ್ಚು ಎಂದು ಅಂದಾಜು ಮಾಡಿತು. ಆಕಸ್ಮಿಕವನ್ನು ಬೇರ್ಪಡಿಸುವ ಅದೇ ಲೆಕ್ಕದಿಂದಲೇ ಈ ಸತ್ಯವೂ ಹೊರಬಂತು.

ಯಾವುದೇ ಆಸ್ಪತ್ರೆಯು ಹಲವು ವರ್ಷಗಳ ಶಸ್ತ್ರಚಿಕಿತ್ಸೆಗಳ ಸಂಖ್ಯೆ, ಸಾವುಗಳು ಮತ್ತು ರೋಗಿಗಳ ಸ್ಥಿತಿ ಮೂರನ್ನೂ ಒದಗಿಸಿದರೆ, ಅವನ್ನು ರ್‍ಯಾಂಕ್ ಹಾಕದೆ ಪ್ರಕಟಿಸಲು ನಾವು ಪುಟ ಮೀಸಲಿಡುತ್ತೇವೆ.

— ಸಂಪಾದಕ